ಪೆಲತ್ತಡಿ ಓಣಿಯ ತೋಡು ಮತ್ತು ನನ್ನ ಎರಡು ಕಾರ್ಟೂನು

ಮೊನ್ನೆ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. ನಾನು ಮೂವತ್ತು ಚಿಲ್ಲರೆ ವರ್ಷ ಕಾರ್ಟೂನ್ ಬರೆದ ಪತ್ರಿಕೆಯಲ್ಲೇ ಈಗ ಕಾರ್ಟೂನ್ ಬರೆಯಲು ಸೇರಿದ್ದಾಳೆ. ನನ್ನ ಕಾಲದ ಮಸಿಕುಡಿಕೆ, ನಿಬ್ಬು ಯಾವುದೂ ಅವಳಿಗೆ ಬೇಡ. ಗಾಜಿನ ಹಲಗೆಯ ಮೇಲೆ ಗೀಚುತ್ತಾಳೆ, ತಪ್ಪಾದರೆ ಎರಡು ಬೆರಳಲ್ಲಿ ಅಳಿಸುತ್ತಾಳೆ. ಹೊಟ್ಟೆಕಿಚ್ಚಿನ ವಿಷಯವೇ.

"ಸಾರ್, ವಾರ್ಡ್ ವಿಂಗಡಣೆ ಬಗ್ಗೆ ನಾಳೆಗೆ ಒಂದು ಕಾರ್ಟೂನ್ ಬೇಕಂತೆ. ಎಂತ ಸಿಂಬಲ್ ಹಾಕುವುದು?" ಎಂದಳು.

"ನಿಂಗೆ ಎಂತ ಹೊಳೀತು?"

"ಕತ್ತರಿ. ಇಲ್ಲದಿದ್ರೆ ಹಾವು."

ನನಗೆ ನಗು ತಡೆಯಲಾಗಲಿಲ್ಲ. ಎರಡನ್ನೂ ನಾನು ಹಾಕಿದ್ದೇನೆ, ಎರಡರಿಂದಲೂ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಯುವ ಕಥೆ ಅಲ್ಲ, ಬರೆದು ಕಳಿಸುತ್ತೇನೆ ಎಂದೆ. ಹಾಗೆ ಬರೆಯಲು ಕೂತದ್ದು ಇದು. ಅವಳ ನಾಳೆ ಎಂದೋ ಕಳೆದುಹೋಯಿತು, ಆದರೂ ಬರೆದು ಮುಗಿಸಿದ್ದೇನೆ.

ನಮ್ಮ ಮೊದಲ ಸಂಪಾದಕರು ಉಪಾಧ್ಯಾಯರು. ಮನೆತನದ ದೇವಸ್ಥಾನದ ಪೂಜೆ ಬಿಟ್ಟು ಪತ್ರಿಕೆಗೆ ಬಂದವರು. ಮಾತು ಕಡಿಮೆ. ಯಾವ ಕಾರ್ಟೂನ್ ಕೊಟ್ಟರೂ ಅದನ್ನು ತಾವು ನೋಡುತ್ತಿರಲಿಲ್ಲ. ಬೆಲ್ ಒತ್ತಿ ಆಫೀಸಿನ ಅಟೆಂಡರ್ ಮೋನಪ್ಪಣ್ಣನನ್ನು ಕರೆಯುತ್ತಿದ್ದರು. ಕೆಳಗಿನ ಒಕ್ಕಣೆಯನ್ನು ತಮ್ಮ ಅಂಗೈಯಲ್ಲಿ ಮುಚ್ಚಿ, "ಇದು ಎಂತ ಮೋನಪ್ಪ?" ಎಂದು ಕೇಳುತ್ತಿದ್ದರು. ಮೋನಪ್ಪಣ್ಣ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಕುತ್ತಿಗೆ ಓರೆ ಮಾಡಿ ನೋಡಿ ಹೇಳಬೇಕು. ಅವನು ಹೇಳಿದ್ದು ನಾನು ಬರೆದದ್ದಕ್ಕೆ ಹತ್ತಿರ ಇದ್ದರೆ ಪಾಸು. "ಗೊತ್ತಾಗ್ಲಿಲ್ಲ ಸಾರ್" ಎಂದರೆ ಹಾಳೆ ನನ್ನ ಕೈಗೆ ವಾಪಸು. ಆಫೀಸಿನಲ್ಲಿ ಇದಕ್ಕೆ ಮೋನಪ್ಪನ ಪರೀಕ್ಷೆ ಎಂದೇ ಹೆಸರು ಬಿದ್ದಿತ್ತು.

ಶುರುವಿಗೆ ನನಗೆ ಉರಿಯುತ್ತಿತ್ತು. ಚಿತ್ರಕಲೆ ಕಲಿತು ಬಂದವ ನಾನು, ಚಹಾ ತರುವವನ ಮುಂದೆ ಪರೀಕ್ಷೆಗೆ ನಿಲ್ಲಬೇಕೇ? ಒಮ್ಮೆ ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಉಪಾಧ್ಯಾಯರು ಕನ್ನಡಕ ಒರೆಸುತ್ತಾ, "ನಿಮ್ಮ ಚಿತ್ರ ಬೆಳಿಗ್ಗೆ ಎಷ್ಟು ಹೊತ್ತು ನೋಡ್ತಾರೆ ಗೊತ್ತುಂಟಾ? ಬಸ್ಸು ಪಂಪ್‌ವೆಲ್ ಸರ್ಕಲಿನಲ್ಲಿ ನಿಂತು ಹೊರಡುವಷ್ಟು. ಅಷ್ಟರೊಳಗೆ ಅರ್ಥ ಆಗ್ಬೇಕು" ಎಂದರು. ಆಗ ಅಲ್ಲಿ ಫ್ಲೈಓವರ್ ಇರಲಿಲ್ಲ. ಬಸ್ಸು ಸಾಕಷ್ಟು ಹೊತ್ತೇ ನಿಲ್ಲುತ್ತಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕತ್ತರಿಯ ವಿಷಯ ಮೊದಲು ಮುಗಿಸುತ್ತೇನೆ. ಒಂದು ಚುನಾವಣೆಗೆ ಮುಂಚೆ ವಾರ್ಡುಗಳ ಗಡಿ ಬದಲಾಯಿತು. ನಾನು ಮಂಗಳೂರು ನಗರದ ನಕ್ಷೆಯನ್ನು ಬಟ್ಟೆಯಂತೆ ಹರಡಿ, ಅದರ ಮೇಲೊಂದು ದೊಡ್ಡ ಕತ್ತರಿ ಬರೆದೆ. ಮೋನಪ್ಪಣ್ಣನೂ ಪಾಸು ಮಾಡಿದ. ಆದರೆ ಪ್ರಕಟವಾದದ್ದು ಚಿಹ್ನೆ ಹಂಚಿಕೆಯ ಮಾರನೆಯ ದಿನ, ಒಬ್ಬ ಪಕ್ಷೇತರ ಅಭ್ಯರ್ಥಿಗೆ ಸಿಕ್ಕಿದ ಚಿಹ್ನೆಯೇ ಕತ್ತರಿ. ಅವನು ಒಂದು ಕಿಲೋ ಲಡ್ಡು ಹಿಡಿದುಕೊಂಡು ಆಫೀಸಿಗೆ ಬಂದ. ಅವನ ಎದುರಾಳಿ ಬರೀ ಕೈಯಲ್ಲಿ ಬಂದ, ಬಾಯಿ ಮಾತ್ರ ತುಂಬ ಇತ್ತು. ಅಂದಿನಿಂದ ಚುನಾವಣೆಯ ಸಮಯದಲ್ಲಿ ಏನು ಬರೆಯುವುದಿದ್ದರೂ ಮೊದಲು ಚಿಹ್ನೆಗಳ ಪಟ್ಟಿ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ.

ಇನ್ನು ಹಾವು. ಇದನ್ನು ಹೇಳಲು ಇವತ್ತಿಗೂ ಸ್ವಲ್ಪ ಕಷ್ಟವೇ.

ಉಪಾಧ್ಯಾಯರು ನಿವೃತ್ತರಾಗಿದ್ದರು. ಹೊಸ ಸಂಪಾದಕರಿಗೆ ಮೋನಪ್ಪನ ಪರೀಕ್ಷೆಯೆಂದರೆ ತಮಾಷೆ. ನಾನು ಮಾತ್ರ ಅಭ್ಯಾಸಬಲದಿಂದ ಅವನಿಗೆ ತೋರಿಸಿಯೇ ಕೊಡುತ್ತಿದ್ದೆ. ಆಫೀಸು ಕೊಟ್ಟಾರಕ್ಕೆ ಬಂದಿತ್ತು. ಆ ಮಳೆಗಾಲಕ್ಕೆ ಇನ್ನೂ ತಿಂಗಳಿರುವಾಗ ಮತ್ತೆ ವಾರ್ಡ್ ವಿಂಗಡಣೆಯ ಕರಡು ಹೊರಟಿತು. ಆಕ್ಷೇಪಣೆ ಕೊಡಲು ಕೆಲವೇ ದಿನದ ಗಡುವು.

ಕರಡು ಬಂದ ಮೂರನೆಯ ದಿನ ಒಬ್ಬ ಹೆಂಗಸು ನನ್ನನ್ನು ಕೇಳಿಕೊಂಡು ಬಂದರು. ಹೆಸರು ಜಯಂತಿ. ಪಂಪ್‌ವೆಲ್‌ನಿಂದ ಒಳಗೆ ಹೋಗುವ ಪೆಲತ್ತಡಿ ಓಣಿಯವರು. ಮನೆಯಲ್ಲೇ ಹೊಲಿಗೆ ಕೆಲಸ, ಗಂಡ ಕತಾರಿನಲ್ಲಿ. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು, ತೆಗೆಯಲು ಮರೆತು ಬಸ್ಸು ಹತ್ತಿದ್ದರು. ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅವರೇ ಪೆನ್ನಿನಲ್ಲಿ ಬರೆದ ಓಣಿಯ ಚಿತ್ರ, ನಡುವೆ ಮಳೆನೀರು ಹರಿಯುವ ಕಾಲುವೆ.

"ಇದು ನಮ್ಮ ತೋಡು, ಸಾರ್. ಆಚೆ ಏಳು ಮನೆ, ಈಚೆ ಏಳು ಮನೆ. ಇಷ್ಟು ಸಮಯ ಒಂದೇ ವಾರ್ಡು. ಮಳೆಗಾಲದಲ್ಲಿ ತೋಡು ತುಂಬಿ ನೀರು ಮನೆಯೊಳಗೆ ಬರ್ತದೆ. ನಾಲ್ಕು ವರ್ಷ ತಿರುಗಿ ತಿರುಗಿ ತಡೆಗೋಡೆ ಮಂಜೂರು ಮಾಡಿಸಿದ್ದೇವೆ. ಈಗ ನೋಡಿ, ಗಡಿ ತೋಡಿನ ನಡುವಿಂದ ಹೋಗ್ತದೆ. ಆಚೆಯವರು ಒಂದು ವಾರ್ಡು, ನಾವು ಇನ್ನೊಂದು. ತೋಡು ಯಾರದ್ದು?"

"ಯಾಕೆ ಹೀಗೆ ಮಾಡಿದ್ದು?"

"ನಾವು ಕಳೆದ ಸಲ ಕಾರ್ಪೊರೇಟರಿಗೆ ಓಟು ಹಾಕ್ಲಿಲ್ಲ, ಅದು ಅವರಿಗೆ ಗೊತ್ತುಂಟು. ನಮ್ಮದೊಂದೇ ಅಲ್ಲ, ಹಾಗಿದ್ದ ಓಣಿಗಳೆಲ್ಲ ಅರ್ಧ ಅರ್ಧ ಆಗಿವೆ."

ನಕ್ಷೆ ತರಿಸಿ ನೋಡಿದೆ. ಅವರ ಮಾತು ಸುಳ್ಳಲ್ಲ. ವಾರ್ಡು ಒಂದು ಕಡೆ ದಪ್ಪ, ನಡುವೆ ಹಗ್ಗದಷ್ಟು ಸಪೂರ, ಅಲ್ಲಿಂದ ಕೊಂಕಿ ಕೊಂಕಿ ಹೋಗಿ ಹೆದ್ದಾರಿಯ ಆಚೆಗಿನ ಒಂದು ಹೊಸ ಬಡಾವಣೆಯಲ್ಲಿ ಅಗಲವಾಗಿ ನಿಂತಿತ್ತು. ಯಾರ ಕೈ ಓಡಾಡಿದೆ ಎನ್ನುವುದಕ್ಕೆ ಕಾಗದದ ಸಾಕ್ಷಿ ಇರಲಿಲ್ಲ. ಆದರೆ ಆ ಆಕಾರವನ್ನು ನಾನು ಬೆರಳಲ್ಲಿ ಮತ್ತೆ ಮತ್ತೆ ತಿದ್ದಿ ನೋಡಿದೆ. ಹಿಂದೆ ಯಾವುದೋ ಪುಸ್ತಕದಲ್ಲಿ, ಅಮೆರಿಕದಲ್ಲಿ ಯಾರೋ ಇಂಥದ್ದೇ ಒಂದು ಕ್ಷೇತ್ರದ ನಕ್ಷೆಗೆ ರೆಕ್ಕೆ, ಉಗುರು ಹಚ್ಚಿ ಹಲ್ಲಿಯಂಥ ವಿಕಾರ ಪ್ರಾಣಿ ಮಾಡಿದ್ದನ್ನು ನೋಡಿದ್ದೆ. ಅದು ತಲೆಯಲ್ಲಿ ಕೂತಿತ್ತು. ಇಲ್ಲಿ ಹಲ್ಲಿ ಯಾಕೆ, ಹಾವೇ ಇದೆಯಲ್ಲ ಎಂದುಕೊಂಡೆ.

ಜಯಂತಿಯಕ್ಕ ಆಕ್ಷೇಪಣೆಯ ಅರ್ಜಿಯನ್ನು ತೋರಿಸಿ, "ಇಷ್ಟು ಬರೆದ್ರೆ ಸಾಕಾ ಸಾರ್? ಓಣಿಯ ವಿವರ ಎಲ್ಲ ಬರೀಬೇಕಾ?" ಎಂದು ಕೇಳಿದರು. ನಾನು ದೊಡ್ಡ ಮನುಷ್ಯನ ಗತ್ತಿನಲ್ಲಿ ಹೇಳಿದೆ: "ವಿವರ ಬೇಡ ಅಕ್ಕ. ನಾಡಿದ್ದು ನನ್ನ ಕಾರ್ಟೂನ್ ಬರ್ತದೆ. ಅದರ ಕಟಿಂಗ್ ಹಚ್ಚಿ, 'ಲಗತ್ತಿಸಿದ ಚಿತ್ರ ನೋಡಿ' ಅಂತ ಬರೆಯಿರಿ. ಯಾವನಿಗೂ ಅರ್ಥ ಆಗ್ತದೆ." ಅವರು ನಂಬಿದರು.

ಚಿತ್ರ ಚೆನ್ನಾಗಿಯೇ ಬಂತು, ಅದನ್ನು ಈಗಲೂ ಹೇಳುತ್ತೇನೆ. ನಗರದ ಮೇಲೆ ಸುರುಳಿ ಬಿಚ್ಚಿದ ಹಾವು. ಆ ಕಾರ್ಪೊರೇಟರ್ ಯಾವಾಗಲೂ ಕಂದು ಗಾಜಿನ ದೊಡ್ಡ ಕನ್ನಡಕ ಹಾಕುತ್ತಿದ್ದರು. ಅದನ್ನು ಹಾವಿಗೆ ಹಾಕಬೇಕಲ್ಲ, ಸಪೂರ ತಲೆಗೆ ಕೂರುವುದಿಲ್ಲ. ಹಾಗಾಗಿ ಹೆಡೆ ಬಿಚ್ಚಿಸಿದೆ. ಹೆಡೆಯ ಮೇಲೆ ಕನ್ನಡಕ ಚಂದವಾಗಿ ಕೂತಿತು.

ಅಂದು ಮೋನಪ್ಪಣ್ಣ ಇರಲಿಲ್ಲ. ಎಲ್ಲಿ ಎಂದು ಕೇಳಿದರೆ, ಕುಟುಂಬದ ನಾಗಬನದಲ್ಲಿ ತಂಬಿಲದ ಪೂಜೆ, ಎರಡು ದಿನ ರಜೆ ಎಂದರು. ಅವನು ಅಲ್ಲಿ ನಾಗನಿಗೆ ಹಾಲೆರೆಯುತ್ತಿದ್ದಾನೆ, ನಾನು ಇಲ್ಲಿ ಅದೇ ಹೆಡೆಗೆ ಕನ್ನಡಕ ಹಾಕುತ್ತಿದ್ದೇನೆ. ಇದೇ ಊರಲ್ಲಿ ಹುಟ್ಟಿದ ನನಗೆ, ನನ್ನ ಮನೆಯ ಹಿಂದೆಯೂ ಒಂದು ಬನ ಇರುವ ನನಗೆ, ಅದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಮಂಗಳೂರಿನಲ್ಲಿ ಹೆಡೆ ಬಿಚ್ಚಿದರೆ ಅದು ಹಾವಲ್ಲ, ನಾಗ. ಕೈಮುಗಿಯುತ್ತಾರೆ ವಿನಾ ಯಾರೂ ಅದನ್ನು ಖಳ ಎಂದು ನೋಡುವುದಿಲ್ಲ.

ಬೆಳಿಗ್ಗೆ ಮೊದಲ ಫೋನ್ ನನ್ನ ಸ್ವಂತ ಅಕ್ಕನದ್ದು. "ನಾಗನಿಗೆ ಕನ್ನಡಕ ಹಾಕುವುದಾ ನೀನು? ನಿನಗೆ ತಲೆ ಸಮ ಉಂಟಾ?" ಎಂದು ಬೈದು ಇಟ್ಟಳು. ಆಫೀಸಿಗೆ ಬಂದರೆ ಟೆಲಿಫೋನಿಗೆ ಪುರುಸೊತ್ತಿಲ್ಲ. ಮಧ್ಯಾಹ್ನದೊಳಗೆ ಕಾರ್ಪೊರೇಟರ್ ತಮ್ಮ ವಾರ್ಡಿನ ನಾಗಬನಕ್ಕೆ ಎಳನೀರು, ಹಾಲು ಹಿಡಿದುಕೊಂಡು ಹೋಗಿ, "ನನ್ನನ್ನು ಎಷ್ಟು ಬೇಕಾದ್ರೂ ಹೀಯಾಳಿಸಿ, ನಾಗನನ್ನು ಬಿಟ್ಟುಬಿಡಿ" ಎಂದು ಕಣ್ಣೊರೆಸಿಕೊಂಡರು. ಕಣ್ಣೊರೆಸಲು ಆ ಕನ್ನಡಕವನ್ನು ತೆಗೆದಿದ್ದರು. ಫೋಟೊ ಎಲ್ಲ ಪತ್ರಿಕೆಗಳಲ್ಲಿ ಬಂತು, ನಮ್ಮದರಲ್ಲೂ. ಅದರ ಪಕ್ಕದಲ್ಲೇ ನಮ್ಮ ವಿಷಾದ. ಗಡಿಯ ಸುದ್ದಿ ಆ ವಾರ ಯಾರ ಬಾಯಲ್ಲೂ ಇರಲಿಲ್ಲ.

ರಜೆ ಮುಗಿಸಿ ಬಂದ ಮೋನಪ್ಪಣ್ಣ ಕಾರ್ಟೂನನ್ನು ಅದೇ ಹಳೆಯ ಕ್ರಮದಲ್ಲಿ, ಕೈ ಹಿಂದೆ ಕಟ್ಟಿ, ಕುತ್ತಿಗೆ ಓರೆ ಮಾಡಿ ನೋಡಿದ. "ನಾಗ ವಾರ್ಡನ್ನು ಕಾಯ್ತಾ ಉಂಟು. ಒಳ್ಳೇದಲ್ವಾ ಸಾರ್?" ಎಂದ. ನನ್ನನ್ನು ನೋಯಿಸಲು ಹೇಳಿದ್ದಲ್ಲ, ಅವನಿಗೆ ಕಂಡದ್ದೇ ಅದು.

ಜಯಂತಿಯಕ್ಕನ ಆಕ್ಷೇಪಣೆಯ ವಿಚಾರಣೆಯಲ್ಲಿ ಅಧಿಕಾರಿ ಮೊದಲು ನೋಡಿದ್ದು ಅರ್ಜಿಗೆ ಹಚ್ಚಿದ್ದ ನನ್ನ ಕಟಿಂಗನ್ನು. "ಇದು ಗಲಾಟೆಯ ಚಿತ್ರ, ಇದನ್ನೆಲ್ಲ ಫೈಲಿನಲ್ಲಿ ಇಡಲಿಕ್ಕಾಗುವುದಿಲ್ಲ" ಎಂದು ಕಿತ್ತು ಕೊಟ್ಟರಂತೆ. ಕಿತ್ತ ಮೇಲೆ ಅರ್ಜಿಯಲ್ಲಿ ಉಳಿದದ್ದು "ಲಗತ್ತಿಸಿದ ಚಿತ್ರ ನೋಡಿ" ಎಂಬ ಸಾಲು. ವಿವರ ಇಲ್ಲವೆಂದು ಆಕ್ಷೇಪಣೆ ತಿರಸ್ಕೃತವಾಯಿತು. ತೋಡಿನ ನಡುವಿನ ಗೆರೆ ಗಟ್ಟಿಯಾಯಿತು.

ಅವರು ಮತ್ತೊಮ್ಮೆ ಆಫೀಸಿಗೆ ಬಂದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಕಟಿಂಗನ್ನು ಮೇಜಿನ ಮೇಲೆ ಬಿಡಿಸಿಟ್ಟು, ತುಳುವಿನಲ್ಲಿ, "ಸಾರ್, ಎಂಕ್ಲೆನ ತೋಡು ಓಲುಂಡು ಉಂದೆಟ್?" ಎಂದು ಕೇಳಿದರು. ಇದರಲ್ಲಿ ನಮ್ಮ ತೋಡು ಎಲ್ಲಿದೆ ಎಂದು. ನಾನು ಚಿತ್ರ ನೋಡಿದೆ. ಹೆಡೆ ಇತ್ತು, ಕನ್ನಡಕ ಇತ್ತು, ಹೊಳೆಯುವ ಹುರುಪೆಗಳನ್ನು ಒಂದೊಂದಾಗಿ ಬರೆದಿದ್ದೆ. ತೋಡು ಇರಲಿಲ್ಲ. ನನ್ನ ಇಡೀ ಕೆಲಸದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ವಿಮರ್ಶೆ ಅದು, ಮತ್ತು ಅಂದು ನನಗೆ ಆದಷ್ಟು ನಾಚಿಕೆ ಬೇರೆಂದೂ ಆಗಿಲ್ಲ.

ಆ ಮಳೆಗಾಲದಲ್ಲಿ ನೀರು ಬಂತು. ನೋಡಲು ಹೋದೆ. ಹೊಲಿಗೆ ಮಿಷನನ್ನು ಮಂಚದ ಮೇಲೆ ಹತ್ತಿಸಿಟ್ಟಿದ್ದರು, ಪೆಡಲಿನ ಕಬ್ಬಿಣ ಆಗಲೇ ಕೆಂಪಾಗಿತ್ತು. ಅವರ ಅತ್ತೆ ಮಂಚದ ಇನ್ನೊಂದು ತುದಿಯಲ್ಲಿ ಕಾಲು ಮೇಲೆತ್ತಿ ಕೂತಿದ್ದರು. ಈಚೆಯ ಕಾರ್ಪೊರೇಟರ್ ತೋಡು ಆಚೆಯದ್ದು ಎಂದರಂತೆ, ಆಚೆಯವರು ಈಚೆಯದ್ದು ಎಂದರಂತೆ. ಮಂಜೂರಾಗಿದ್ದ ಗೋಡೆ ಯಾವ ವಾರ್ಡಿನ ಲೆಕ್ಕ ಎಂದು ತಿಳಿಯದೆ ರದ್ದಾಗಿತ್ತು. ಜಯಂತಿಯಕ್ಕ ಗೋಡೆಯ ಮೇಲೆ ನೀರು ನಿಂತ ಗುರುತಿಗೆ ಹೊಲಿಗೆಯ ಬಳಪದಲ್ಲಿ ಒಂದು ಗೀಟು ಎಳೆದಿದ್ದರು. ಆಮೇಲಿನ ಪ್ರತಿ ವರ್ಷವೂ ಒಂದೊಂದು ಗೀಟು ಬಿತ್ತು.

ಅಷ್ಟರಲ್ಲಿ ನಮ್ಮ ಕಸುಬು ಬದಲಾಯಿತು. ಸ್ಕ್ಯಾನರ್ ಬಂತು, ಕಂಪ್ಯೂಟರಿನಲ್ಲಿ ಬಣ್ಣ ತುಂಬುವುದು ಬಂತು. ಹುಡುಗರು ನನ್ನ ಗೆರೆಗೆ ನೆರಳು ಹಚ್ಚಿ ಹಾಳು ಮಾಡುತ್ತಿದ್ದರು, ನಾನು ಕೂಗಾಡುತ್ತಿದ್ದೆ. ಮೋನಪ್ಪಣ್ಣ ನಿವೃತ್ತನಾಗಿ ಬಿಕರ್ನಕಟ್ಟೆಯ ಮಗಳ ಮನೆಗೆ ಹೋದ. ವಾರ್ಡಿನ ಮಾತು ಬಂದಾಗಲೆಲ್ಲ ನಾನು ಕುರ್ಚಿ, ಹೊಂಡ, ಏಣಿ ಇಂಥದ್ದೇ ಬರೆದು ಜಾರಿಕೊಳ್ಳುತ್ತಿದ್ದೆ. ಹೆದರಿಕೆ ಎಂದೇ ಹೇಳಬೇಕು.

ನನ್ನ ಸೇವೆಯ ಕೊನೆಯ ವರ್ಷ, ಆಟಿ ತಿಂಗಳ ಜಡಿಮಳೆಯಲ್ಲಿ, ಹೊಸ ಕರಡು ಬಂತು. ಪೆಲತ್ತಡಿಯ ಗೆರೆ ಹಾಗೆಯೇ ಇತ್ತು. ಈ ಸಲ ಜಯಂತಿಯಕ್ಕ ಬರಲಿಲ್ಲ, ನಾನೇ ಹೋದೆ. ಜಗಲಿಯಲ್ಲಿ ಅವರೂ ಅತ್ತೆಯೂ ಚೆನ್ನೆಮಣೆ ಆಡುತ್ತಿದ್ದರು. ನೋಡದವರಿಗಾಗಿ ಹೇಳುತ್ತೇನೆ: ಮರದ ಹಲಗೆಯಲ್ಲಿ ಆಚೆ ಏಳು, ಈಚೆ ಏಳು ಕುಳಿ. ಒಂದು ಸಾಲು ಒಬ್ಬರದ್ದು. ಒಂದು ಕುಳಿಯ ಕಾಯಿಗಳನ್ನೆಲ್ಲ ಬಾಚಿ ಎತ್ತಿ, ಮುಂದಿನ ಕುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗಬೇಕು. ನಮ್ಮಲ್ಲಿ ಆಟಿಯಲ್ಲಿ ಮಾತ್ರ ಆಡುವ ಆಟ.

"ಕೂತ್ಕೊಳ್ಳಿ ಸಾರ್. ಎಂತ, ಪುನಃ ಹಾವು ಬರೀಲಿಕ್ಕುಂಟಾ?" ಎಂದರು ಜಯಂತಿಯಕ್ಕ. ಅತ್ತೆ ಬೊಚ್ಚುಬಾಯಲ್ಲಿ ನಕ್ಕರು. ನಗಲಿ ಬಿಡಿ, ಅವರಿಗೆ ಹಕ್ಕಿತ್ತು.

ನಾನು ಆಟ ನೋಡುತ್ತಾ ಕೂತೆ. ಅತ್ತೆ ತುಂಬಿದ ಒಂದು ಕುಳಿಗೆ ಕೈ ಹಾಕಿ ಎಲ್ಲ ಕಾಯಿ ಎತ್ತಿದರು. ಒಂದೊಂದಾಗಿ ಹಂಚಿದರು. ತುಂಬಿದ್ದ ಕುಳಿ ಬರಿದು, ಕಾಯಿಗಳು ಎಲ್ಲೆಲ್ಲೋ. ಒಂದು ಕಾಯಿಯೂ ಮಣೆಯಿಂದ ಹೊರಗೆ ಹೋಗಲಿಲ್ಲ, ಆದರೂ ಆಟ ತಿರುಗಿತು. ನಾನು ತಲೆ ಎತ್ತಿ ಅಂಗಳದಾಚೆ ನೋಡಿದೆ. ತೋಡಿನ ಆಚೆ ಏಳು ಮನೆ, ಈಚೆ ಏಳು ಮನೆ. ಅಯ್ಯೋ ದೇವರೇ, ಇಷ್ಟು ವರ್ಷ ನನ್ನ ಕಣ್ಣು ಎಲ್ಲಿತ್ತು?

ಆಫೀಸಿಗೆ ಹೋಗಿ ಬರೆದೆ. ಮಣೆಯ ಎರಡು ಸಾಲಿನ ನಡುವೆ ತೋಡು, ಕುಳಿಗಳಲ್ಲಿ ಕಾಯಿಯ ಬದಲು ಜನ, ಒಂದು ಕುಳಿಯಲ್ಲಿ ಹೊಲಿಗೆ ಮಿಷನ್. ಮೇಲಿನಿಂದ ಒಂದು ದೊಡ್ಡ ಕೈ ಮುಷ್ಟಿ ತುಂಬ ಜನರನ್ನು ಎತ್ತಿ ಹಂಚುತ್ತಿದೆ. ಕೈಗೆ ಕಾರ್ಪೊರೇಟರ್ ಹಾಕುವಂಥ ದಪ್ಪ ಉಂಗುರ. ಹಾಳೆಯನ್ನು ಸುರುಳಿ ಸುತ್ತಿ ಬಸ್ಸು ಹತ್ತಿ ಬಿಕರ್ನಕಟ್ಟೆಗೆ ಹೋದೆ. ಈ ಸಲ ಪರೀಕ್ಷೆ ತಪ್ಪಿಸುವ ಪ್ರಶ್ನೆಯೇ ಇರಲಿಲ್ಲ.

ಮೋನಪ್ಪಣ್ಣನಿಗೆ ಆಗ ಒಂದು ಕಣ್ಣಿನ ಆಪರೇಷನ್ ಆಗಿತ್ತು. ಇನ್ನೊಂದರಲ್ಲಿ ನೋಡಿದ. ಅಭ್ಯಾಸದಂತೆ ಕೈ ಬೆನ್ನ ಹಿಂದೆ.

"ಚೆನ್ನೆಮಣೆ. ಆದ್ರೆ ಇದೆಂತ ಮಾರಾಯ್ರೆ, ಎರಡೂ ಬದಿ ಒಬ್ಬನೇ ಆಡ್ತಾ ಇದ್ದಾನಲ್ಲ! ಹಾಗೆ ಆಡಿದ್ರೆ ಸೋಲ್ಲಿಕ್ಕೆ ಉಂಟಾ?"

ಪಾಸಾ ಎಂದು ಕೇಳಿದೆ.

"ಉಂಗುರ ತೆಗೀರಿ. ಉಂಗುರ ಕಂಡ್ರೆ ಜನ ಯಾರ ಕೈ ಅಂತ ಹುಡುಕ್ತಾರೆ, ಮಣೆ ನೋಡುವುದಿಲ್ಲ."

ಅಲ್ಲೇ ಅವನ ಮೊಮ್ಮಗಳ ಬಿಳಿ ಬಣ್ಣದ ಡಬ್ಬಿ ಕೇಳಿ ಉಂಗುರ ಅಳಿಸಿದೆ. ಒಕ್ಕಣೆಯನ್ನೂ ಬರೆಯಲಿಲ್ಲ. ಪ್ರಕಟವಾದ ದಿನ ಗಲಾಟೆ ಇಲ್ಲ, ಲಡ್ಡು ಇಲ್ಲ, ಫೋನ್ ನಾಲ್ಕೋ ಐದೋ ಬಂತು. ಎಲ್ಲರೂ ತಮ್ಮ ತಮ್ಮ ಓಣಿಯ ಕಥೆ ಹೇಳಿದರು.

ವಿಚಾರಣೆಯ ದಿನಕ್ಕೆ ಆಟಿ ಮುಗಿದು ಸೋಣ ತಿಂಗಳು ಬಂದಿತ್ತು. ಅಂದು ಜಯಂತಿಯಕ್ಕನ ಜತೆ ನಾನೂ ಹೋದೆ, ಹಿಂದಿನ ಬೆಂಚಿನಲ್ಲಿ ಕೂತೆ. ಅರ್ಜಿಯಲ್ಲಿ ಈ ಸಲ ಅವರು ಹದಿನಾಲ್ಕು ಮನೆಯ ವಿವರವನ್ನೂ ತೋಡಿನ ಉದ್ದವನ್ನೂ ಬರೆದಿದ್ದರು, ನನ್ನ ಕಟಿಂಗ್ ಹಚ್ಚಿರಲಿಲ್ಲ. ಸ್ವಲ್ಪ ಚುಚ್ಚಿತು. ಅವರ ಸರದಿ ಬಂದಾಗ ಚೀಲದಿಂದ ಚೆನ್ನೆಮಣೆಯನ್ನೇ ತೆಗೆದು ಅಧಿಕಾರಿಯ ಮೇಜಿನ ಮೇಲಿಟ್ಟರು. ಆಟಿ ಕಳೆದ ಮೇಲೆ ಮಣೆ ಹೊರಗೆ ತೆಗೆಯುವ ಕ್ರಮ ಅವರ ಮನೆಯಲ್ಲಿ ಇಲ್ಲ. ಹೊರಡುವಾಗ ಅತ್ತೆ ಬೈದರಂತೆ, ಬೈದ ಮೇಲೆ ಅವರೇ ಕಾಯಿಯ ಗಂಟನ್ನು ಕೈಗಿತ್ತರಂತೆ.

ಅಧಿಕಾರಿ ಮೈಸೂರು ಕಡೆಯ ಹೆಂಗಸು. "ಅಯ್ಯೋ, ನಮ್ ಕಡೆ ಇದನ್ನ ಅಳಗುಳಿ ಮಣೆ ಅಂತೀವಿ. ನಮ್ಮಜ್ಜಿ ಆಡೋರು" ಎಂದು ಮುಂದಕ್ಕೆ ಬಾಗಿದರು.

"ಇದು ನನ್ನ ಮನೆ, ಮೇಡಂ" ಎಂದು ಜಯಂತಿಯಕ್ಕ ಒಂದು ಕುಳಿಯಲ್ಲಿ ಬೆರಳಿಟ್ಟರು. "ಇದು ಎದುರಿನ ಮನೆ. ನಡುವೆ ಇದು ತೋಡು. ಈ ಸಾಲಿನವರು ಹೇಳಿದ್ರೆ ಆ ಸಾಲಿನವರನ್ನು ಕೇಳಿ ಅಂತಾರೆ. ಆಡುವವರು ಯಾರೋ ಗೊತ್ತಿಲ್ಲ, ನೀರು ಮಾತ್ರ ನಮ್ಮ ಮನೆಗೆ ಬರ್ತದೆ. ಎರಡು ಸಾಲನ್ನೂ ಯಾರಿಗಾದ್ರೂ ಒಬ್ಬರಿಗೆ ಕೊಡಿ. ಯಾರಿಗಾದ್ರೂ ಆಗ್ಬಹುದು."

ಅಧಿಕಾರಿ ನಕ್ಷೆ ಬಿಡಿಸಿ ಮಣೆಯ ಪಕ್ಕದಲ್ಲಿಟ್ಟು ಸುಮಾರು ಹೊತ್ತು ಎರಡನ್ನೂ ನೋಡಿದರು. ಆಮೇಲೆ ಬರೆದುಕೊಂಡರು. ಅಂತಿಮ ಪಟ್ಟಿ ಬಂದಾಗ ಪೆಲತ್ತಡಿಯ ಹದಿನಾಲ್ಕು ಮನೆಯೂ ಒಂದೇ ವಾರ್ಡಿನಲ್ಲಿದ್ದವು. ವಾರ್ಡಿನ ಉಳಿದ ಡೊಂಕೆಲ್ಲ ಹಾಗೆಯೇ ಉಳಿಯಿತು, ಅದನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ.

ಗೋಡೆ ಕಟ್ಟಲು ಮತ್ತೆ ಎರಡು ಬೇಸಗೆ ಹಿಡಿಯಿತು. ಈಗ ಬೈಯಲು ಒಬ್ಬನೇ ಸಾಕು, ಬಸ್ಸಿನ ಖರ್ಚು ಅರ್ಧ ಆಯಿತು ಎನ್ನುತ್ತಿದ್ದರು ಜಯಂತಿಯಕ್ಕ. ಈ ವರ್ಷ ಆಟಿಯಲ್ಲಿ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ, ನೋಡಿಕೊಂಡು ಬರಲು ಹೋದೆ. ತೋಡು ಕೆಂಪು ನೀರು ತುಂಬಿ ಗೋಡೆಯ ನಡುವೆ ಹರಿಯುತ್ತಿತ್ತು. ಅಂಗಳ ಒದ್ದೆ ಅಷ್ಟೇ. ಮಿಷನ್ ನೆಲದ ಮೇಲೆ ಕಿಟಕಿಯ ಬಳಿ ಇತ್ತು. ಒಳಗಿನ ಗೋಡೆಯಲ್ಲಿ ಬಳಪದ ಗೀಟುಗಳು ಒಂದರ ಮೇಲೊಂದು ಇದ್ದವು, ಈ ವರ್ಷದ್ದು ಇರಲಿಲ್ಲ.

ಕಣ್ಣು ತಡೆಯಲಿಲ್ಲ, ಗೋಡೆಯ ಮೇಲೆಲ್ಲ ನನ್ನ ಕಾರ್ಟೂನ್ ಹುಡುಕಿತು. ಕ್ಯಾಲೆಂಡರ್ ಇತ್ತು, ಗಂಡನ ಫೋಟೊ ಇತ್ತು. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ: "ಆ ಚೆನ್ನೆಮಣೆಯ ಕಟಿಂಗ್ ಇಟ್ಟಿದ್ದೀರಾ ಅಕ್ಕ?"

ಜಯಂತಿಯಕ್ಕ ಚೆನ್ನೆಮಣೆ ಮುಂದಿಟ್ಟು ಕುಳಿಗೆ ಕಾಯಿ ಹಾಕುತ್ತಿದ್ದವರು ತಲೆ ಎತ್ತದೆ, "ಎಂತಕ್ಕೆ ಸಾರ್? ಮಣೆ ಉಂಟಲ್ಲ" ಎಂದರು. ಹಾಗೆಂದು, ಆಡಲು ಕರೆಯುವಂತೆ ನನ್ನ ಕಡೆಗೆ ಮಣೆಯ ಒಂದು ಸಾಲನ್ನು ತಿರುಗಿಸಿಟ್ಟರು.